ಏನಿಲ್ಲ ಬಿಡಿ

– ನಿನ್ನ ಹತ್ರ ಬರೋರು ಕಿವಿ ತೋರಿಸ್ಕೊಳ್ಳೋಕೆ ಬರ್ತಾರೋ, ಗಂಡನ ಮೇಲೆ ದೂರು ಹೇಳೋಕೆ ಬರ್ತಾರೋ?

– ಎರಡಕ್ಕೂ ಬರ್ತಾರೆ ದೊಡ್ಡಪ್ಪ. ಅರವತ್ತು ದಾಟಿದ ಗಂಡಸರು ತಾವಾಗಿಯೇ ಬರೋದು ಅಪರೂಪ, ಹೆಂಡತಿ ಹೊರಡಿಸಿಕೊಂಡು ಬರ್ತಾರೆ. ಕುರ್ಚಿಯಲ್ಲಿ ಕೂತ ತಕ್ಷಣ ಗಂಡ ಹೇಳೋದು, ‘ನನಗೇನೂ ಆಗಿಲ್ಲಮ್ಮ, ಇವಳು ಬಾಯೊಳಗೇ ಮಾತಾಡ್ತಾಳೆ’ ಅಂತ. ಹೆಂಡತಿ ಹೇಳೋದು, ‘ಇವರಿಗೆ ಬೇಕಾದ್ದೆಲ್ಲ ಕೇಳಿಸತ್ತೆ, ನಾನು ಹೇಳಿದ್ದು ಮಾತ್ರ ಕೇಳ್ಸಲ್ಲ’ ಅಂತ. ಊರು ಯಾವುದಾದರೂ ಇರಲಿ, ಈ ಎರಡು ವಾಕ್ಯ ಬದಲಾಗಲ್ಲ.

– ಯಾರದ್ದು ನಿಜ?

– ಇಬ್ಬರದ್ದೂ. ವಯಸ್ಸಿನಿಂದ ಹೋಗೋ ಕಿವಿ ಒಂದೇ ಸಲಕ್ಕೆ ಹೋಗಲ್ಲ. ಮೊದಲು ಹೋಗೋದು ಮೇಲಿನ ಸ್ಥಾಯಿಯ ಶಬ್ದಗಳು. ಅ, ಒ ಥರದ ಸ್ವರಗಳು ಚೆನ್ನಾಗಿಯೇ ಕೇಳಿಸ್ತಿರ್ತವೆ. ಸ, ಶ, ತ, ಪ ಇವೆಲ್ಲ ಮಸುಕಾಗ್ತವೆ. ಯಾರೋ ಮಾತಾಡ್ತಿದ್ದಾರೆ ಅನ್ನೋದು ಗೊತ್ತಾಗತ್ತೆ, ಏನು ಅನ್ನೋದು ಗೊತ್ತಾಗಲ್ಲ. ಹೆಂಗಸರ ದನಿಯೂ ಮಕ್ಕಳ ದನಿಯೂ ಮೊದಲೇ ಮೇಲಿನ ಸ್ಥಾಯಿ. ದೊಡ್ಡಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಸಿಂಕಿನ ಕಡೆ ಮುಖ ಮಾಡಿಕೊಂಡು ‘ಸೊಪ್ಪು ತಂದ್ರಾ?’ ಅಂತಾರೆ. ಹಾಲ್‌ನಲ್ಲಿ ಟಿವಿ ಮುಂದೆ ಕೂತ ನಿಮಗೆ ಅದು ‘ಒಪ್ಪು ಅಂದ್ರಾ?’ ಅಂತ ಕೇಳಿಸತ್ತೆ. ಯಾರು ಒಪ್ಪಿದ್ದು, ಯಾವುದಕ್ಕೆ ಒಪ್ಪಿದ್ದು ಅಂತ ನೀವು ಯೋಚನೆ ಮಾಡೋಷ್ಟರಲ್ಲಿ ಅವರಿಗೆ ಸಿಟ್ಟು ಬಂದಿರತ್ತೆ.

– ಸುದ್ದಿ ಓದೋನು ಹೇಳಿದ್ದು ಪೂರ್ತಿ ಅರ್ಥವಾಗತ್ತಲ್ಲ?

– ಅವನು ನಿಮ್ಮ ಎದುರಿಗೆ ಮುಖ ಕೊಟ್ಟು, ಹಿಂದೆ ಸದ್ದಿಲ್ಲದ ಕೋಣೆಯಲ್ಲಿ ಕೂತು ಓದ್ತಾನೆ. ಕಮ್ಮಿಯಾದರೆ ರಿಮೋಟಿನಲ್ಲಿ ಜಾಸ್ತಿ ಮಾಡ್ತೀರಿ. ದೊಡ್ಡಮ್ಮಂಗೆ ರಿಮೋಟ್ ಇಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶ್ರವಣದ ಬಗ್ಗೆ ಒಂದು ದೊಡ್ಡ ವರದಿ ತಂತು. ಅದರ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ. 65ಕ್ಕಿಂತ ಹೆಚ್ಚು ಜನಕ್ಕೆ ಸ್ವಲ್ಪವೋ ಹೆಚ್ಚೋ ಕಿವಿ ಮಂದವಾಗಿರತ್ತೆ. ಅಂದ್ರೆ ಅರವತ್ತರ ಮೇಲಿನ ಗಂಡ ಹೆಂಡತಿ ಇರೋ ಹೆಚ್ಚುಕಮ್ಮಿ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಇದೆ ಅಂತ ಇಟ್ಕೊಳ್ಳಿ.

– ಹಾಗಾದರೆ ದಾಂಪತ್ಯದ ಸುಖ ಅನ್ನೋದು ಈಗ ಕಿವಿ ಮಷೀನಿನ ಬ್ಯಾಟರಿ ಮೇಲೆ ನಿಂತಿದೆ ಅನ್ನು.

– ನಗಬೇಡಿ. ನಾನು ಹೇಳೋಕೆ ಹೊರಟಿದ್ದು ಕಿವಿಯ ವಿಷಯ ಅಲ್ಲ, ಅಲ್ಲಿಂದ ಮುಂದೆ ಏನಾಗತ್ತೆ ಅನ್ನೋದು. ಹೆಂಡತಿ ಒಂದು ಮಾತು ಹೇಳ್ತಾರೆ. ಗಂಡ ‘ಆಂ?’ ಅಂತಾರೆ. ಇನ್ನೊಂದ್ಸಲ ಹೇಳ್ತಾರೆ. ಮತ್ತೆ ‘ಆಂ?’ ಮೂರನೇ ಸಲಕ್ಕೆ ದನಿ ಎತ್ತಬೇಕು. ಎತ್ತಿದ ದನಿ ಸಿಟ್ಟಿನ ಥರ ಕೇಳಿಸತ್ತೆ, ‘ಯಾಕೆ ಕಿರುಚ್ತೀಯ’ ಅಂತ ಅವರು ಅಂತಾರೆ. ಆಗ ಹೆಂಡತಿ, ‘ಏನಿಲ್ಲ ಬಿಡಿ’ ಅಂದುಬಿಡ್ತಾರೆ. ಗ್ಯಾಸ್ ಮುಗೀತು, ಮಾತ್ರೆ ತಗೊಂಡ್ರಾ, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಇಂಥವನ್ನ ಹೇಗಾದರೂ ಮಾಡಿ ಹೇಳ್ತಾರೆ, ಹೇಳದಿದ್ದರೆ ಸಂಸಾರ ನಡೆಯಲ್ಲ. ಹೇಳದೆ ಬಿಟ್ಟರೂ ನಡೆಯೋ ಮಾತು ಇದೆಯಲ್ಲ, ಆಚೆ ಬೀದಿ ಸಂಪಿಗೆ ಮರ ಕಡಿದುಬಿಟ್ಟರಂತೆ, ಇವತ್ತು ಹಾಲಿನವನು ಹೊಸ ಅಂಗಿ ಹಾಕಿದ್ದ, ಅಂಥದ್ದು, ಅದು ಮೊದಲು ನಿಲ್ಲತ್ತೆ. ಕಿವಿ ಮಂದವಾದ ಗಂಡಂದಿರ ಹೆಂಡತಿಯರನ್ನ ಮಾತಾಡಿಸಿದ ಸಂಶೋಧಕರು ಮತ್ತೆ ಮತ್ತೆ ಕಂಡಿರೋದು ಇದನ್ನೇ. ಮನೆಯಲ್ಲಿ ಮಾತು ನಿಂತುಹೋಗಿದೆ ಅಂತ ಯಾರಿಗೂ ಗೊತ್ತಾಗಲ್ಲ, ಯಾಕಂದ್ರೆ ಕೆಲಸದ ಮಾತು ನಡೀತಾನೇ ಇರತ್ತೆ.

– ಹಾಲಿನವನ ಅಂಗಿ ವಿಷಯ ಕೇಳದೆ ನನಗೇನು ನಷ್ಟ?

– ಅಂಗಿಯ ವಿಷಯದಲ್ಲಿ ನಿಮಗೇನೂ ನಷ್ಟ ಇಲ್ಲ. ಆದರೆ ಅವರು ನಿಮ್ಮ ಗಮನ ಕೇಳಿದ್ದು, ಸಿಕ್ಕಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರು. ಹೊಸದಾಗಿ ಮದುವೆಯಾದವರನ್ನ ಕ್ಯಾಮೆರಾ ಇಟ್ಟ ಒಂದು ಅಪಾರ್ಟ್‌ಮೆಂಟಿನಲ್ಲಿ ಇರಿಸಿ, ಒಬ್ಬರು ‘ಅಲ್ನೋಡು ದೋಣಿ’ ಅನ್ನೋ ಥರದ ಸಣ್ಣ ಮಾತಾಡಿದಾಗ ಇನ್ನೊಬ್ಬರು ಏನು ಮಾಡ್ತಾರೆ ಅಂತ ಎಣಿಸಿದರು. ಆರು ವರ್ಷ ಬಿಟ್ಟು ನೋಡಿದರೆ, ಮದುವೆ ಉಳಿಸಿಕೊಂಡಿದ್ದವರು ಅಂಥ ಮಾತಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು. ಬಿಟ್ಟುಹೋದವರು 33 ಸಲ. ದೋಣಿ ನೋಡಿದ್ದರಿಂದ ಮದುವೆ ಉಳೀತು ಅಂತ ನಾನು ಹೇಳಲ್ಲ. ಆದರೆ ಲೆಕ್ಕ ಹಾಕೋಕೆ ಅವರು ಆರಿಸಿಕೊಂಡ ಜಾಗ ಸರಿಯಾಗಿದೆ.

– ಅದು ಹೊಸ ಜೋಡಿಗಳ ಕಥೆ. ಹೊಸದರಲ್ಲಿ ಮಾತು ಬೇಕೇ ಬೇಕು, ಒಬ್ಬರಿಗೊಬ್ಬರು ಗೊತ್ತಿರಲ್ಲ. ನಮ್ಮ ಕವಿಗಳೂ ಹೊಸ ಜೋಡಿಗಳನ್ನೇ ಹಿಡಿದುಕೊಂಡರು, ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗಿನಿಂದ ಮದುವೆಮನೆಗಳಲ್ಲಿ ಅದೇ ಹಾಡು. ನಲವತ್ತು ವರ್ಷ ಕಳೆದ ಮೇಲೆ ಮಾತು ಯಾಕೆ ಬೇಕು ಹೇಳು. ಅವಳು ಲೋಟ ಇಟ್ಟ ಸದ್ದಿನಲ್ಲೇ ನನಗೆ ಗೊತ್ತಾಗತ್ತೆ, ಸಿಟ್ಟೋ ಸಮಾಧಾನವೋ ಅಂತ. ನನಗೇನು ಬೇಕು ಅನ್ನೋದು ಅವಳಿಗೆ ಗೊತ್ತು. ಮಾತಿಲ್ಲದಿರೋದನ್ನೆಲ್ಲ ನೀವು ಕಾಯಿಲೆ ಅಂತ ಬರೆದುಕೊಂಡುಬಿಡ್ತೀರಿ.

– ಮೌನ ಎಲ್ಲ ಕಾಯಿಲೆ ಅಲ್ಲ, ಒಪ್ಪಿದೆ. ಜಗಲಿ ಮೇಲೆ ಅವರೇಕಾಯಿ ಬಿಡಿಸ್ತಾ ಒಂದು ಗಂಟೆ ಸುಮ್ಮನೆ ಕೂರೋ ಜೋಡಿಯನ್ನ ನೋಡಿದರೆ ನನಗೂ ಹೊಟ್ಟೆಕಿಚ್ಚಾಗತ್ತೆ. ಆದರೆ ‘ನನಗೆ ಗೊತ್ತು’ ಅಂತೀರಲ್ಲ, ಅದನ್ನ ಪರೀಕ್ಷೆ ಮಾಡಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಫಲಿತಾಂಶ 2011ರಲ್ಲಿ ಬಂತು. ಒಂದು ಕಡೆ ಎರಡು ವರ್ಷದಿಂದ ಜೊತೆಗಿರೋ ಚಿಕ್ಕ ವಯಸ್ಸಿನವರು, ಇನ್ನೊಂದು ಕಡೆ ಸರಾಸರಿ ನಲವತ್ತು ವರ್ಷ ಸಂಸಾರ ಮಾಡಿದವರು. ನಿಮ್ಮವರಿಗೆ ಯಾವ ಊಟ ಇಷ್ಟ, ಯಾವ ಸಿನಿಮಾ ಇಷ್ಟ, ಅಡುಗೆಮನೆ ಹೇಗಿದ್ದರೆ ಇಷ್ಟ, ಊಹಿಸಿ ಹೇಳಿ ಅಂದರು. ಯಾರು ಗೆದ್ದಿರಬಹುದು?

– ನೀನು ಕೇಳ್ತಿರೋ ವರಸೆಯಲ್ಲೇ ಗೊತ್ತಾಯ್ತು.

– ಹೂಂ, ಚಿಕ್ಕವರೇ ಹೆಚ್ಚು ಸರಿಯಾಗಿ ಹೇಳಿದರು. ಹಳಬರು ತಪ್ಪಿದ್ದು ಹೆಚ್ಚು. ಆದರೆ ತಮಗೆ ಗೊತ್ತು ಅನ್ನೋ ಧೈರ್ಯ ಮಾತ್ರ ಕಮ್ಮಿ ಇರಲಿಲ್ಲ. ಯಾಕೆ ಅಂತ ಯೋಚನೆ ಮಾಡಿ. ಮದುವೆಯಾದ ಹೊಸದರಲ್ಲಿ ಕೇಳಿ ತಿಳಕೊಂಡಿದ್ದನ್ನೇ ಇಟ್ಕೊಂಡಿರ್ತಾರೆ. ಆಮೇಲೆ ನಾಲಿಗೆ ಬದಲಾಗಿರತ್ತೆ, ಹಲ್ಲು ಬದಲಾಗಿರತ್ತೆ, ಮನಸ್ಸೂ ಬದಲಾಗಿರತ್ತೆ. ಗೊತ್ತಿದೆ ಅಂದುಕೊಂಡ ಮೇಲೆ ಯಾರು ಕೇಳ್ತಾರೆ? ದೊಡ್ಡಮ್ಮಂಗೆ ಬಿಸಿಬೇಳೆ ಭಾತ್ ಇಷ್ಟ ಅಂತ ನೀವು ಹೋಟೆಲಿನಲ್ಲಿ ಈಗಲೂ ಅದನ್ನೇ ತರಿಸ್ತೀರಿ. ಅವರಿಗೆ ರಾತ್ರಿ ಹೊತ್ತು ಅದು ಸೇರದೆ ಎಷ್ಟೋ ವರ್ಷ ಆಯ್ತು.

– ಹೇಳಬಹುದಿತ್ತಲ್ಲ ಅವಳು.

– ಹೇಳಿರಬಹುದು, ಸಿಂಕಿನ ಕಡೆ ಮುಖ ಮಾಡಿಕೊಂಡು.

– ಆಗಲಿ, ನೀನು ಗೆದ್ದೆ. ಆದರೆ ಒಂದು ಕೇಳ್ತೀನಿ. ವಯಸ್ಸಾದ ಮೇಲೆ ಜಗಳ ಕಮ್ಮಿಯಾಗತ್ತೆ ಅನ್ನೋದು ನನ್ನ ಅನುಭವ. ಮೂವತ್ತೈದರಲ್ಲಿ ನಾನು ಅವಳು ಒಂದು ಫ್ಯಾನಿಗೋಸ್ಕರ ಎರಡು ದಿನ ಮುಖ ತಿರುಗಿಸಿಕೊಂಡಿದ್ದೆವು. ಈಗ ಅಷ್ಟು ಶಕ್ತಿ ಯಾರಿಗಿದೆ? ಇದನ್ನೂ ಯಾರಾದರೂ ಅಳೆದಿದ್ದಾರೋ?

– ಅಳೆದಿದ್ದಾರೆ, ನಿಮ್ಮ ಪರವಾಗಿಯೇ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಲೆವೆನ್‌ಸನ್, ಕಾರ್ಸ್ಟೆನ್‌ಸನ್, ಜೊತೆಗೆ ಆಗ ಹೇಳಿದ ಗಾಟ್‌ಮನ್, ಮೂವರೂ ಸೇರಿ 1980ರ ದಶಕದ ಕೊನೆಯಲ್ಲಿ 156 ಜೋಡಿಗಳನ್ನ ತಗೊಂಡರು. ಅರ್ಧದಷ್ಟು ಜನ ನಲವತ್ತರಿಂದ ಐವತ್ತರೊಳಗಿನವರು, ಉಳಿದವರು ಅರವತ್ತರಿಂದ ಎಪ್ಪತ್ತರವರು. ಎಂಟು ಗಂಟೆ ದೂರ ಇದ್ದು ಬರಬೇಕು. ಆಮೇಲೆ ಎದುರುಬದುರು ಕೂರಿಸಿ, ಎದೆಬಡಿತ, ಬೆವರು ಅಳೆಯೋ ತಂತಿ ಮೈಗೆ ಅಂಟಿಸಿ, ಹದಿನೈದು ನಿಮಿಷ ಅವತ್ತಿನ ಸುದ್ದಿ ಮಾತಾಡಿ ಅಂದರು, ಹದಿನೈದು ನಿಮಿಷ ನಿಮ್ಮಿಬ್ಬರ ನಡುವೆ ಬಗೆಹರಿಯದ ಒಂದು ವಿಷಯ, ಇನ್ನು ಹದಿನೈದು ನಿಮಿಷ ಇಬ್ಬರಿಗೂ ಖುಷಿ ಕೊಡೋ ವಿಷಯ.

– ಮೈಗೆಲ್ಲ ತಂತಿ ಅಂಟಿಸಿ ‘ಜಗಳ ಆಡಿ’ ಅಂದರೆ ಯಾರಿಗೆ ಬರತ್ತೆ ಜಗಳ?

– ಬಂತು, ಚೆನ್ನಾಗಿಯೇ ಬಂತು. ಹಳೇ ಗಾಯ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರತ್ತಲ್ಲ. ಆದರೆ ಅರವತ್ತರ ಮೇಲಿನವರು ಜಗಳದ ನಡುವೆಯೂ ಸಿಟ್ಟು, ಅಸಹ್ಯ ತೋರಿಸಿದ್ದು ಕಮ್ಮಿ, ಪ್ರೀತಿ ತೋರಿಸಿದ್ದು ಹೆಚ್ಚು. ಮೈಯೂ ಅಷ್ಟು ಉದ್ರೇಕಗೊಳ್ಳಲಿಲ್ಲ. ಆ ಜೋಡಿಗಳಲ್ಲಿ 87ನ್ನ ಹದಿಮೂರು ವರ್ಷ ಹಿಂಬಾಲಿಸಿದರು. ವರ್ಷ ಕಳೆದ ಹಾಗೆ ತಮಾಷೆ ಜಾಸ್ತಿಯಾಯ್ತು, ‘ನಾನೇನು ಮಾಡಿದೆ’ ಅಂತ ಮೇಲೆ ಬೀಳೋದು, ತಪ್ಪು ಹುಡುಕೋದು ಕಮ್ಮಿಯಾಯ್ತು. ಕಾರ್ಸ್ಟೆನ್‌ಸನ್ ಇದಕ್ಕೆ ಕೊಡೋ ಕಾರಣ ನನಗೆ ಹಿಡಿಸತ್ತೆ. ಮುಂದೆ ಉಳಿದಿರೋ ಕಾಲ ಕಮ್ಮಿ ಅಂತ ಅರಿವಾದ ಮನುಷ್ಯ ಯಾವುದಕ್ಕೆ ಮನಸ್ಸು ಕೊಡಬೇಕು ಅಂತ ಆರಿಸಿಕೊಳ್ಳೋಕೆ ಶುರು ಮಾಡ್ತಾನೆ, ಫ್ಯಾನಿನ ಜಗಳ ಆ ಪಟ್ಟಿಯಿಂದ ಬಿದ್ದುಹೋಗತ್ತೆ ಅಂತ.

– ಇದರಲ್ಲಿ ಒಂದು ತೂತಿದೆ. ಬ್ಯಾಂಕಿನವನ ಕಣ್ಣಿಗೆ ಬೀಳೋ ತೂತು. ಅಮೆರಿಕದಲ್ಲಿ ಅರವತ್ತಕ್ಕೂ ಜೊತೆಗಿದ್ದಾರೆ ಅಂದರೆ, ಸರಿಹೋಗದವರು ಅಷ್ಟರಲ್ಲಿ ಬಿಟ್ಟುಹೋಗಿರ್ತಾರೆ. ಕೆಟ್ಟ ಸಾಲಗಳನ್ನೆಲ್ಲ ರೈಟ್ ಆಫ್ ಮಾಡಿ, ಉಳಿದ ಲೆಡ್ಜರ್ ತೋರಿಸಿ ನಮ್ಮ ಶಾಖೆ ಎಷ್ಟು ಚೆನ್ನಾಗಿದೆ ನೋಡಿ ಅಂದ ಹಾಗಾಯ್ತು. ನಮ್ಮಲ್ಲಿ ಹಾಗಲ್ಲ. ಬಿಡೋಕಾಗದೆ ಉಳಿದವರೂ ಅದೇ ಲೆಡ್ಜರಿನಲ್ಲಿದ್ದಾರೆ.

– ಸರಿಯಾಗಿ ಹಿಡಿದಿರಿ. ಅದರ ಮೇಲೆ, ಅಲ್ಲೂ ಐವತ್ತು ದಾಟಿದವರ ವಿಚ್ಛೇದನದ ಪ್ರಮಾಣ 1990ರಿಂದ 2010ರೊಳಗೆ ಎರಡರಷ್ಟಾಯ್ತು. ವಯಸ್ಸಾದರೆ ತಾನಾಗಿಯೇ ಹೊಂದಿಕೆ ಬರತ್ತೆ ಅನ್ನೋ ಭರವಸೆ ಅಲ್ಲೂ ಗಟ್ಟಿ ಇಲ್ಲ.

– 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು, ಪೇಪರಿನಲ್ಲಿ ಓದಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗಂಡನಿಗೆ 89, ಹೆಂಡತಿಗೆ 82. ಅವರು ವಾಯುಪಡೆಯಲ್ಲಿದ್ದವರು, ಆಕೆ ಕೇಂದ್ರೀಯ ವಿದ್ಯಾಲಯದಲ್ಲಿ ಟೀಚರ್. ಮದುವೆ 1963ರಲ್ಲಿ. 1984ರಲ್ಲಿ ಅವರಿಗೆ ಮದ್ರಾಸಿಗೆ ವರ್ಗವಾಯ್ತು, ಆಕೆ ಜೊತೆಗೆ ಹೋಗಲಿಲ್ಲ. ಅಲ್ಲಿಂದ ಬೇರೆಬೇರೆ. ಈತ 1996ರಲ್ಲಿ ಕೇಸು ಹಾಕಿ ಇಪ್ಪತ್ತೇಳು ವರ್ಷ ನಡೆಸಿದ. ಕೊನೆಗೆ ಕೋರ್ಟು ಕೊಡಲ್ಲ ಅಂತು. ವಿಚ್ಛೇದಿತೆ ಅನ್ನಿಸಿಕೊಂಡು ಸಾಯೋಕೆ ನನಗೆ ಇಷ್ಟವಿಲ್ಲ, ಈ ವಯಸ್ಸಲ್ಲೂ ಅವರನ್ನ ನೋಡಿಕೊಳ್ಳೋಕೆ ತಯಾರಿದ್ದೀನಿ ಅಂತ ಆಕೆ ಹೇಳಿದ್ದನ್ನ ಕೋರ್ಟು ಎತ್ತಿಹಿಡೀತು. ನನಗೆ ಕಾಡಿದ್ದು ತೀರ್ಪಲ್ಲ. ಈ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಮೂರು ಕೋರ್ಟಿನಲ್ಲಿ ವಕೀಲರ ಬಾಯಲ್ಲಿ ಹೇಳಿಸಿದರಲ್ಲ ಅಂತ.

– ವಕೀಲರ ಬಾಯಲ್ಲಿ ಹೇಳಿಸೋದು ದೊಡ್ಡ ಜಗಳದವರು. ನಮ್ಮ ಮನೆಗಳಲ್ಲಿ ಮಕ್ಕಳ ಬಾಯಲ್ಲಿ ಹೇಳಿಸ್ತಿದ್ದಿರಿ. ನನಗೆ ಚೆನ್ನಾಗಿ ನೆನಪಿದೆ. ನೀವು ಎರಡಡಿ ದೂರದಲ್ಲಿ ಪೇಪರ್ ಓದ್ತಾ ಕೂತಿರ್ತೀರಿ, ದೊಡ್ಡಮ್ಮ ಅಕ್ಕನ ಕಡೆ ತಿರುಗಿ, ‘ಅಪ್ಪಂಗೆ ಹೇಳು, ನಾಳಿದ್ದು ಫೀಸ್ ಕಟ್ಟಬೇಕು ಅಂತ’. ನೀವು ಪೇಪರಿನ ಹಿಂದಿನಿಂದ, ‘ಅಮ್ಮಂಗೆ ಹೇಳು, ಬೀರುವಿನಲ್ಲಿ ಇಟ್ಟಿದ್ದೀನಿ ಅಂತ’. ಅಕ್ಕ ಒಂದು ಮಾತೂ ಆಡಬೇಕಾಗ್ತಿರಲಿಲ್ಲ, ಅಲ್ಲಿ ನಿಂತಿದ್ದರೆ ಸಾಕು.

– ಹಿರಿಯರ ಮುಂದೆ ಗಂಡ ಹೆಂಡತಿ ನೇರವಾಗಿ ಮಾತಾಡೋದು ಆಗ ಚೆಂದ ಅನ್ನಿಸ್ತಿರಲಿಲ್ಲ ಕಣೇ. ನಮ್ಮಪ್ಪ ನಮ್ಮಮ್ಮನ್ನ ಹೆಸರು ಹಿಡಿದು ಕರೆದಿದ್ದನ್ನ ನಾನು ಕೇಳೇ ಇಲ್ಲ. ಅವರು ಹೋದ ಮೇಲೂ ಅಭ್ಯಾಸ ಉಳೀತು.

– ಅಭ್ಯಾಸ ಉಳೀತು, ಅಕ್ಕ ಡಾಲಸ್‌ಗೆ ಹೋದಳು. ಮೂವತ್ತು ವರ್ಷ ನಡುವೆ ನಿಂತು ಮಾತು ದಾಟಿಸ್ತಿದ್ದ ಆಳು ಮನೆಯಲ್ಲಿ ಇಲ್ಲ. ಮಕ್ಕಳು ಹೋದ ಮೇಲೆ ಮನೆ ಖಾಲಿ ಅನ್ನಿಸತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಹತ್ರ ಬರೋರನ್ನ ನೋಡಿದರೆ ಅದು ಪೂರ್ತಿ ಮಕ್ಕಳ ಮೇಲಿನ ಹಂಬಲ ಅಲ್ಲ ಅನ್ನಿಸತ್ತೆ. ಇಬ್ಬರಿಗೆ ಒಬ್ಬರನ್ನೊಬ್ಬರು ನೇರವಾಗಿ ಮಾತಾಡಿಸೋ ರೂಢಿ ತಪ್ಪಿಹೋಗಿದೆ. ಅದೇ ಹೊತ್ತಿಗೆ ಗಂಡ ರಿಟೈರಾಗಿ ಮನೆಯಲ್ಲಿ ಕೂರ್ತಾರೆ. ಕುಕ್ಕರ್ ಎಷ್ಟು ವಿಷಲ್ ಕೂಗಿತು ಅಂತ ಎಣಿಸ್ತಾರೆ.

– ನಾನು ಎಣಿಸಲ್ಲ.

– ನೀವಲ್ಲ, ನಿಮ್ಮ ಬಳಗ. ಜಪಾನಿನಲ್ಲಿ ನೊಬುವೊ ಕುರೊಕಾವಾ ಅನ್ನೋ ವೈದ್ಯರು 1991ರಲ್ಲೇ ಇದಕ್ಕೆ ರಿಟೈರಾದ ಗಂಡನ ಸಿಂಡ್ರೋಮ್ ಅಂತ ಹೆಸರಿಟ್ಟರು. ಕಾಯಿಲೆ ಹೆಂಡತಿಯದು, ಹೊಟ್ಟೆಹುಣ್ಣು, ಮೈ ಮೇಲೆ ದದ್ದು. ಕಾರಣ ಮಾತ್ರ ಗಂಡ. 2007ರಲ್ಲಿ ಅಲ್ಲಿ ವಿಚ್ಛೇದನವಾದರೆ ಗಂಡನ ಪಿಂಚಣಿ ಭಾಗ ಮಾಡಿಕೊಡೋ ಕಾನೂನು ಜಾರಿಗೆ ಬಂತು. ಅದಕ್ಕೋಸ್ಕರವೇ ಕಾದು ಕೂತಿದ್ದ ಹೆಂಗಸರಿದ್ದರು.

– ಪಾಪ, ಗಂಡಸರಿಗೆ ಏನೂ ಆಗಲ್ವಾ?

– ಅದನ್ನೂ ಅದೇ ಕ್ಯಾಲಿಫೋರ್ನಿಯಾದವರು ನೋಡಿದರು. ತೃಪ್ತಿ ಇರೋ ದಾಂಪತ್ಯದಲ್ಲಿ ಗಂಡ ಹೆಂಡತಿ ಇಬ್ಬರ ಆರೋಗ್ಯವೂ ಹೆಚ್ಚುಕಮ್ಮಿ ಒಂದೇ ಥರ. ತೃಪ್ತಿ ಇಲ್ಲದ ಕಡೆ ಹೆಂಡತಿಯರ ಮೈ ಮನಸ್ಸು ಎರಡೂ ಗಂಡಂದಿರಿಗಿಂತ ಹೆಚ್ಚು ಕೆಟ್ಟಿತ್ತು. ಒಂದೇ ಸೂರಿನಡಿ ಒಂದೇ ಮೌನ, ಬೆಲೆ ತೆರೋರು ಒಬ್ಬರು.

– ಇದಕ್ಕೇ ನಮ್ಮಜ್ಜಿ ಹೇಳ್ತಿದ್ದಿದ್ದು, ತಾಳಿದವಳು ಬಾಳಿಯಾಳು ಅಂತ.

– ಅಜ್ಜಿ ಹೇಳಿದ್ದು ಬೇರೆ, ಸಂಶೋಧನೆ ಹೇಳೋದು ಬೇರೆ. ಆದರೆ ನಿಮ್ಮಂಥವರು ಎರಡನ್ನೂ ಒಂದೇ ಅಂತ ಓದಿಕೊಳ್ತೀರಿ ಅಂತ ನನಗೆ ಭಯ. 2014ರಲ್ಲಿ ಅದೇ ಬಳಗದವರು ಇನ್ನೊಂದು ಫಲಿತಾಂಶ ಕೊಟ್ಟರು. ಜಗಳ ಕಾವೇರಿದಾಗ ಹೆಂಡತಿ ಬೇಗ ತಣ್ಣಗಾದರೆ ಇಬ್ಬರಿಗೂ ದಾಂಪತ್ಯ ಹಿತವಾಗಿರತ್ತೆ, ಗಂಡ ಬೇಗ ತಣ್ಣಗಾದರೆ ಅಷ್ಟು ವ್ಯತ್ಯಾಸ ಕಾಣಲ್ಲ ಅಂತ.

– ನೋಡಿದೆಯಾ! ಅಜ್ಜಿ ಕ್ಯಾಲಿಫೋರ್ನಿಯಾಕ್ಕೆ ಹೋಗಿರಲಿಲ್ಲ.

– ಪೂರ್ತಿ ಕೇಳಿ. ತಣ್ಣಗಾಗೋದು ಅಂದರೆ ನುಂಗಿಕೊಳ್ಳೋದು ಅಲ್ಲ. ತಣ್ಣಗಾದ ಮೇಲೆ ಆ ಹೆಂಗಸರು ಮಾತು ಮುಂದುವರಿಸಿದ್ದರು, ಸರಿಯಾಗಿ, ದಾರಿ ಹುಡುಕೋ ಥರ. ತೃಪ್ತಿ ಬಂದದ್ದು ಅದರಿಂದ. ನಮ್ಮ ಅಜ್ಜಿ ತಣ್ಣಗಾಗಿ ಒಳಗೆ ಹೋಗಿ ಒಲೆ ಊದ್ತಿದ್ದರು. ‘ಏನಿಲ್ಲ ಬಿಡಿ’ ಅನ್ನೋದು ತಾಳ್ಮೆಯ ಹಾಗೆ ಕಾಣತ್ತೆ ದೊಡ್ಡಪ್ಪ, ಆದರೆ ಅಲ್ಲಿ ಮಾತು ಮುಗಿದಿರತ್ತೆ. ಇನ್ನೊಂದು ವಿಷಯ. ಗಂಡ ತಣ್ಣಗಾದರೆ ವ್ಯತ್ಯಾಸ ಕಾಣಲ್ಲ ಅನ್ನೋದನ್ನ ನಾನು ಹೀಗೆ ನೋಡ್ತೀನಿ: ಆ ತಲೆಮಾರಿನಲ್ಲಿ ಮನೆಯ ಹವಾಮಾನ ನೋಡಿಕೊಳ್ಳೋ ಕೆಲಸವನ್ನ ಹೆಂಡತಿಗೇ ವಹಿಸಿಬಿಟ್ಟಿದ್ದರು. ಕೆಲಸ ಯಾರದ್ದೋ ಅವರ ಕೈ ಎದ್ದು ಕಾಣತ್ತೆ. ಅದನ್ನ ಪ್ರಕೃತಿ ನಿಯಮ ಅಂತ ನಾನು ಒಪ್ಪಲ್ಲ.

– ಸರಿ, ಇಷ್ಟೆಲ್ಲ ಹೇಳಿದೆಯಲ್ಲ, ಈಗ ನಾನು ಒಂದು ಹೇಳ್ತೀನಿ, ಇದಕ್ಕೆ ನಿನ್ನ ಸಂಶೋಧನೆ ಏನನ್ನತ್ತೆ ನೋಡೋಣ. ನಿಮ್ಮ ದೊಡ್ಡಮ್ಮ ಬಾಣಂತನಕ್ಕೆ ಅಂತ ಡಾಲಸ್‌ಗೆ ಹೋದಾಗಿನಿಂದ ನಾವಿಬ್ಬರೂ ಮಾತಾಡಿದಷ್ಟು ನಲವತ್ತು ವರ್ಷದಲ್ಲಿ ಮಾತಾಡಿರಲಿಲ್ಲ. ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ವಾಟ್ಸಾಪಿನಲ್ಲಿ ಮುಖ ಕಾಣತ್ತೆ. ಏನು ತಿಂದ್ರಿ ಅಂತಾಳೆ. ಉಪ್ಪಿಟ್ಟು ಅಂತೀನಿ. ತರಕಾರಿ ಹಾಕಿದ್ರಾ ಅಂತಾಳೆ. ಅಲ್ಲಿ ಅಳಿಲು ನಾಯಿಮರಿಯಷ್ಟು ದಪ್ಪ ಇದೆ ಅಂತಾಳೆ. ಫೋನಿನಲ್ಲಿ ಸುಮ್ಮನೆ ಕೂರೋಕಾಗಲ್ಲ ನೋಡು, ಸುಮ್ಮನಾದರೆ ಲೈನು ಕಟ್ಟಾಯ್ತೇನೋ ಅಂತ ಇಬ್ಬರೂ ಹಲೋ ಹಲೋ ಅಂತೀವಿ.

– ಅದರಲ್ಲಿ ಆಶ್ಚರ್ಯ ಏನಿದೆ? ಮುಖ ಎದುರಿಗೆ, ಬೆಳಕು ಮುಖದ ಮೇಲೆ, ನಲ್ಲಿ ಸದ್ದಿಲ್ಲ, ವಾಲ್ಯೂಮ್ ನಿಮ್ಮ ಕೈಯಲ್ಲಿ. ಕಿವಿ ಮಂದವಾದವರ ಹತ್ರ ಹೇಗೆ ಮಾತಾಡಬೇಕು ಅಂತ ನಾನು ದಿನಾ ಹೇಳಿಕೊಡೋದೆಲ್ಲ ಅಲ್ಲಿ ತಾನಾಗಿಯೇ ನಡೀತಿದೆ. ಅದರ ಮೇಲೆ, ಫೋನು ಹಿಡಿದಿರೋಷ್ಟು ಹೊತ್ತು ನೀವು ಬೇರೇನೂ ಮಾಡ್ತಿಲ್ಲ. ಮನೆಯಲ್ಲಿ ಹಾಗೆ ಕೂತದ್ದು ಯಾವಾಗ?

– ಸಂತೋಷ ಅಂತ ಹೇಳಿದೆ ಅಷ್ಟೆ, ಆದರೆ ಹೀಗೆ ಇರೋದು ನನಗೆ ಸರಿ ಅನ್ನಿಸಲ್ಲ. ನಮ್ಮ ಬೀದಿಯಲ್ಲೇ ನೋಡು. ಒಬ್ಬರ ಹೆಂಡತಿ ಮಗನ ಮಗೂನ ನೋಡಿಕೊಳ್ಳೋಕೆ ಬೆಂಗಳೂರಿನಲ್ಲಿ ಇದ್ದುಬಿಟ್ಟಿದ್ದಾರೆ, ಗಂಡ ಇಲ್ಲಿ ಮೆಸ್ಸಿನ ಊಟ. ಇನ್ನೊಬ್ಬರು ಆರು ತಿಂಗಳು ವೀಸಾದಲ್ಲಿ ಸರದಿ ಮೇಲೆ ಹೋಗ್ತಾರೆ, ಮೊದಲು ಬೀಗಿತ್ತಿ, ಆಮೇಲೆ ಇವರು. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಸಿನಿಮಾ ಬಂದಿದ್ದು 1958ರಲ್ಲಿ, ರಿಟೈರಾದ ಮೇಷ್ಟ್ರು, ಅವರ ಹೆಂಡತಿ, ಇಬ್ಬರನ್ನೂ ಮಕ್ಕಳು ಬೇರೆಬೇರೆ ಮಾಡ್ತಾರೆ ಅಂತ ಥಿಯೇಟರಿನಲ್ಲಿ ಜನ ಕಣ್ಣು ಒರೆಸಿಕೊಂಡರು. ಈಗ ಅದೇ ಕೆಲಸವನ್ನ ನಾವು ಪ್ರೀತಿಯಿಂದ, ಟಿಕೆಟ್ಟು ತೆಗೆದುಕೊಂಡು ಮಾಡ್ತೀವಿ, ಯಾರೂ ಅಳಲ್ಲ. ಮಕ್ಕಳು ಕೆಟ್ಟವರಲ್ಲವಲ್ಲ, ಹಾಗಾಗಿ ದೂರೋಕೂ ಯಾರೂ ಸಿಗಲ್ಲ.

– ‘ನನಗೆ ಇವರನ್ನ ಬಿಟ್ಟು ಹೋಗೋಕೆ ಇಷ್ಟವಿಲ್ಲ’ ಅಂತ ಹೇಳಿದ ದೊಡ್ಡಮ್ಮನನ್ನ ನಾನು ನೋಡಿಲ್ಲ. ಹೇಳಿದರೆ ಜನ ನಗ್ತಾರೆ, ಈ ವಯಸ್ಸಲ್ಲಿ ಗಂಡ ಬೇಕಂತೆ ಅಂತ. ಬಾಸ್ಟನ್‌ನಲ್ಲಿ ಎಂಬತ್ತು ದಾಟಿದ 47 ಜೋಡಿಗಳನ್ನ ವಾಲ್ಡಿಂಗರ್ ಮತ್ತೆ ಶುಲ್ಜ್ ಅನ್ನೋರು ದಿನದಿನವೂ ವಿಚಾರಿಸಿ ನೋಡಿದರು. ಮಂಡಿನೋವು, ಸೊಂಟನೋವು ಹೆಚ್ಚಿದ ದಿನ ಮನಸ್ಸೂ ಕುಗ್ಗೋದು ಸಹಜ ತಾನೆ? ದಾಂಪತ್ಯ ಹಿತವಾಗಿದ್ದವರಿಗೆ ಅವತ್ತೂ ಮನಸ್ಸು ಅಷ್ಟು ಕುಗ್ಗಲಿಲ್ಲ. ‘ಈ ವಯಸ್ಸಲ್ಲಿ’ ಅನ್ನೋರಿಗೆ ಇದನ್ನ ತೋರಿಸಬೇಕು ಅನ್ನಿಸತ್ತೆ.

– ನೀನು ಸಣ್ಣ ಮಾತು ಸಣ್ಣ ಮಾತು ಅಂತ ಅದನ್ನೇ ಹಿಡಿದಿದ್ದೀಯ. ನಾನು ಕೌಂಟರಿನ ಈಚೆ ಕೂತು ಕಂಡಿದ್ದು ದೊಡ್ಡ ಮಾತಿನ ಕಥೆ. ಗಂಡ ಸತ್ತು ಹದಿಮೂರು ದಿನ ಕಳೆದಿರತ್ತೆ. ಹೆಂಗಸು ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬರ್ತಾಳೆ. ಒಳಗೆ ಹಳೇ ಪಾಸ್‌ಬುಕ್ಕು, ಯಾವುದೋ ಇನ್ಶೂರೆನ್ಸಿನ ಕಾಗದ, ಒಂದು ಬೀಗದಕೈ. ‘ಇದು ಯಾವ ಬ್ಯಾಂಕಿನ ಲಾಕರಿಂದು ಸರ್?’ ಅಂತ ನನ್ನನ್ನ ಕೇಳ್ತಾಳೆ. ಎಫ್.ಡಿ. ಎಷ್ಟಿದೆ ಗೊತ್ತಿಲ್ಲ, ನಾಮಿನೇಷನ್ ಯಾರ ಹೆಸರಿಗಿದೆ ಗೊತ್ತಿಲ್ಲ. ಅಕೌಂಟು ಒಬ್ಬರದೇ ಹೆಸರಲ್ಲಿ. ಮೂವತ್ತೈದು ವರ್ಷ ಜೊತೆಯಲ್ಲಿ ಉಂಡು ಮಲಗಿದ ಮನುಷ್ಯನ ಸಂಬಳ ಎಷ್ಟಿತ್ತು ಅಂತ ಆಕೆಗೆ ಫ್ಯಾಮಿಲಿ ಪೆನ್ಷನ್ ಅರ್ಜಿ ತುಂಬೋವಾಗ ಗೊತ್ತಾಗ್ತಿತ್ತು. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಬೇಕು. 2023ರ ಮಾರ್ಚ್ ಹೊತ್ತಿಗೆ ಹಾಗೆ ವಾರಸುದಾರರಿಲ್ಲದೆ ಬಿದ್ದ ಹಣ 42 ಸಾವಿರ ಕೋಟಿ ದಾಟಿತ್ತು. ಹುಡುಕಿಕೊಳ್ಳೋಕೆ ಅಂತ ‘ಉದ್ಗಮ್’ ಪೋರ್ಟಲ್ ಮಾಡಿದರು. ಅದೆಲ್ಲ ಹೆಂಡತಿಗೆ ಹೇಳದೆ ಸತ್ತವರ ದುಡ್ಡು ಅಂತ ಅಲ್ಲ, ಮನೆ ಬದಲಾಯಿಸಿದವರು, ಮರೆತವರು, ಎಲ್ಲ ಇದ್ದಾರೆ. ಆದರೆ ಆ ರಾಶಿಯಲ್ಲಿ ಎಷ್ಟೋ ಮನೆಗಳ ಮಾತು ಬಿದ್ದಿದೆ ಅಂತ ನನಗೆ ಗೊತ್ತು.

– ಯಾಕೆ ಹೇಳಲ್ಲ ಅಂತೀರಿ? ಅಪನಂಬಿಕೆಯಾ?

– ಅಪನಂಬಿಕೆ ಕೆಲವರಿಗೆ. ಕೆಲವರಿಗೆ ಜಂಬ. ಬಹಳ ಜನಕ್ಕೆ ಬಾಯೇ ಬರಲ್ಲ. ಶುರು ಮಾಡೋದೇ ಹೇಗೆ? ‘ನಾನು ಹೋದ ಮೇಲೆ’ ಅಂತ ಬಾಯಿ ತೆಗೆದರೆ ಸಾಕು, ‘ಬಿಡ್ತು ಅನ್ನಿ, ಸಂಜೆ ಹೊತ್ತಲ್ಲಿ ಏನು ಮಾತು’ ಅಂತ ಅವಳು ಎದ್ದು ಹೋಗ್ತಾಳೆ. ನೀನು ಹೇಳಿದೆಯಲ್ಲ, ಹೆಂಡತಿ ‘ಏನಿಲ್ಲ ಬಿಡಿ’ ಅಂತಾಳೆ ಅಂತ. ಗಂಡಸಿಗೂ ಹೀಗೆ ಒಂದು ಕಡೆ ಬಾಯಿ ಕಟ್ಟಿಹೋಗತ್ತೆ. ಅವಳು ಅಂಗಿಯ ಮಾತನ್ನ ನುಂಗಿದಳು, ಇವನು ಲಾಕರಿನ ಮಾತನ್ನ ನುಂಗಿದ.

– ಎರಡೂ ಬೇರೆ ಅಂತ ನನಗೆ ಅನ್ನಿಸಲ್ಲ ದೊಡ್ಡಪ್ಪ. ದಿನಾ ಅಳಿಲಿನ ಸುದ್ದಿ ಮಾತಾಡೋ ಇಬ್ಬರ ನಡುವೆ ಒಂದು ದಿನ ಲಾಕರಿನ ಮಾತೂ ನುಸುಳತ್ತೆ. ಆರು ತಿಂಗಳಿಂದ ಬರೀ ಗ್ಯಾಸು, ಮಾತ್ರೆ ಅಂತ ಇದ್ದವರು ಏಕಾಏಕಿ ಎದುರು ಕೂತು ‘ನಿನ್ನ ಹತ್ರ ಮಾತಾಡಬೇಕು’ ಅಂದರೆ, ಎದೆ ಧಸಕ್ಕನ್ನತ್ತೆ, ಯಾವ ರಿಪೋರ್ಟ್ ಬಂತೋ ಅಂತ. ನೀವು ಹೇಳಿದ್ದೀರಾ ದೊಡ್ಡಮ್ಮಂಗೆ?

– ಬ್ಯಾಂಕಿನವನ ಹೆಂಡತಿ ಅವಳು. ಎಲ್ಲ ಜಂಟಿ ಖಾತೆ, ಈದರ್ ಆರ್ ಸರ್ವೈವರ್. ಒಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೀನಿ.

– ನೋಟ್‌ಬುಕ್ ಎಲ್ಲಿದೆ ಅಂತ ಹೇಳಿದ್ದೀರಾ?

– ನೀನು ವಕೀಲಳಾಗಬೇಕಿತ್ತು. ಇವತ್ತು ಹೇಳ್ತೀನಿ, ಆಯ್ತಾ? ಈಗ ನನ್ನ ವಿಷಯಕ್ಕೆ ಬಾ. ಮಷೀನು ಹಾಕಿಸಿಕೊಂಡರೆ ಎಲ್ಲ ಸರಿಹೋಗತ್ತಾ?

– ಎಲ್ಲ ಸರಿಹೋಗತ್ತೆ ಅಂತ ಹೇಳೋರ ಹತ್ರ ಹೋಗಬೇಡಿ. ಮೊದಲು ಪರೀಕ್ಷೆ ಮಾಡಿಸಿ, ಇಬ್ಬರೂ. ಮೈಸೂರಿನಲ್ಲಿದ್ದುಕೊಂಡು ಇದಕ್ಕೆ ನೆಪ ಹೇಳೋ ಹಾಗಿಲ್ಲ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಷೀನು ಬೇಕು ಅಂತಾದರೆ, ಮೊದಲ ಕೆಲವು ವಾರ ಕಷ್ಟ. ತಟ್ಟೆ ಸದ್ದು, ಚಪ್ಪಲಿ ಸದ್ದು, ನೀವೇ ಹಪ್ಪಳ ಅಗಿಯೋ ಸದ್ದು, ಎಲ್ಲ ಒಟ್ಟಿಗೆ ಮೇಲೆ ಬೀಳತ್ತೆ. ಎಷ್ಟೋ ಜನ ಆಗಲೇ ಬಿಚ್ಚಿ ಡ್ರಾಯರಿಗೆ ಹಾಕ್ತಾರೆ. ಮೆದುಳಿಗೆ ಮತ್ತೆ ರೂಢಿಯಾಗೋ ತನಕ ದಿನಾ ಹಾಕಬೇಕು. ಮಷೀನು ಹಾಕಿದ ಮೇಲೂ ದೊಡ್ಡಮ್ಮ ಬೇರೆ ಕೋಣೆಯಿಂದ ಕೂಗಿ ಕೇಳೋ ಹಾಗಿಲ್ಲ, ಹತ್ತಿರ ಬಂದು, ಮುಖ ಕಾಣೋ ಹಾಗೆ, ಕಿರುಚದೆ, ಸ್ವಲ್ಪ ನಿಧಾನವಾಗಿ. ಕೇಳಿಸದಿದ್ದರೆ ನೀವು ‘ಆಂ’ ಅನ್ನಬಾರದು. ‘ಏನೋ ತಂದ್ರಾ ಅಂದೆಯಲ್ಲ, ಏನದು?’ ಅನ್ನಬೇಕು. ಆಗ ಅವರು ಒಂದೇ ಒಂದು ಪದ ಹೇಳಿದರೆ ಸಾಕು. ನೀವು ಕೇಳೋಕೆ ಪ್ರಯತ್ನಪಟ್ಟಿರಿ ಅನ್ನೋದೂ ಅವರಿಗೆ ಗೊತ್ತಾಗತ್ತೆ. ಇನ್ನು ಟಿವಿ, ಊಟದ ಹೊತ್ತಿಗೆ ಬಂದ್.

– ಸೀರಿಯಲ್ ಅವಳದು, ನನ್ನದಲ್ಲ.

– ಅದನ್ನ ನೀವಿಬ್ಬರೂ ಮಾತಾಡಿಕೊಳ್ಳಿ.

– ಮಷೀನು ಹಾಕಿಸಿಕೊಂಡ ಗಂಡಂದಿರ ಮನೆಯಲ್ಲಿ ಶಾಂತಿ ನೆಲೆಸಿರಬೇಕು ಹಾಗಾದರೆ.

– ಎಲ್ಲಿಯ ಶಾಂತಿ? ಒಬ್ಬರು ಅಮ್ಮ ಬಂದಿದ್ದರು, ‘ನೀನು ಅದೇನು ಹಾಕಿ ಕಳಿಸಿದೆಯೋ ತಾಯಿ, ಈಗ ಒಂದಕ್ಕೆ ಎರಡು ಎದುರುತ್ತರ ಕೊಡ್ತಾರೆ. ಮೊದಲಾದರೆ ನಾನು ಗೊಣಗಿದ್ದು ನನ್ನೊಳಗೇ ಇರ್ತಿತ್ತು’ ಅಂತ.

– ವಾಪಸ್ ಕೊಟ್ಟರಾ?

– ಇಲ್ಲ. ಎರಡು ಪಟ್ಟಿ ಬ್ಯಾಟರಿ ತಗೊಂಡು ಹೋದರು.